ಮೊದಲು ಊರಲ್ಲಿ ಸೋತು ಬನ್ನಿ

2024ರ ಏಪ್ರಿಲ್ 9ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ ಮೂರು ತೀರ್ಮಾನಗಳನ್ನು ಒಂದೇ ದಿನ ಪ್ರಕಟಿಸಿತು. ಮೂರೂ ಹವಾಮಾನ ಬದಲಾವಣೆಗೆ ಸಂಬಂಧಿಸಿದವು. ದೂರಿನ ತಿರುಳೂ ಹೆಚ್ಚುಕಡಿಮೆ ಒಂದೇ: ಭೂಮಿಯ ಬಿಸಿ ಏರುತ್ತಿದೆ, ಸರ್ಕಾರ ಮಾಡಬೇಕಾದಷ್ಟು ಮಾಡುತ್ತಿಲ್ಲ, ನಮ್ಮ ಬದುಕಿಗೇ ಕುತ್ತು ಬಂದಿದೆ. ಒಂದು ಅರ್ಜಿ ಗೆದ್ದಿತು. ಉಳಿದೆರಡು ಹೊಸ್ತಿಲಲ್ಲೇ ವಾಪಸಾದವು. ಅವರ ವಾದ ಸರಿಯೇ ತಪ್ಪೇ ಎಂಬ ಪ್ರಶ್ನೆಗೆ ನ್ಯಾಯಾಲಯ ಕೈ ಹಾಕಲೇ ಇಲ್ಲ.

ಗೆದ್ದವರು ಸ್ವಿಟ್ಜರ್ಲೆಂಡಿನ ಹಿರಿಯ ಮಹಿಳೆಯರು. ‘ಕ್ಲೀಮಾ ಸೀನಿಯೊರಿನ್ನೆನ್’ ಎಂಬ ಅವರ ಸಂಘದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸದಸ್ಯೆಯರಿದ್ದಾರೆ. ಬಿಸಿಗಾಳಿ ಬೀಸಿದಾಗ ಮೊದಲು ಪ್ರಾಣಕ್ಕೆ ಸಂಚಕಾರ ಬರುವುದು ವಯಸ್ಸಾದ ಹೆಂಗಸರಿಗೆ ಎಂಬುದು ಅವರ ಅಳಲು. ವಾಪಸಾದವರಲ್ಲಿ ಆರು ಮಂದಿ ಪೋರ್ಚುಗಲ್‌ನ ಮಕ್ಕಳು ಮತ್ತು ತರುಣರು. ಅವರ ದೇಶದಲ್ಲಿ 2017ರ ಕಾಡ್ಗಿಚ್ಚುಗಳು ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿದ್ದವು. ಇನ್ನೊಬ್ಬರು ಉತ್ತರ ಫ್ರಾನ್ಸಿನ ಕಡಲತಡಿಯ ಗ್ರಾಂದ್-ಸಾಂತ್ ಪಟ್ಟಣದ ಮಾಜಿ ಮೇಯರ್ ಡಾಮಿಯಾಂ ಕರೇಮ್.

ಒಂದೇ ಬಗೆಯ ದೂರಿಗೆ ಮೂರು ಬಗೆಯ ಗತಿ ಏಕೆ? ಸ್ವಿಸ್ ಮಹಿಳೆಯರು 2016ರಲ್ಲಿ ತಮ್ಮ ಸರ್ಕಾರಕ್ಕೆ ಮನವಿ ಕೊಟ್ಟರು, ಅದು ತಿರಸ್ಕೃತವಾಯಿತು. ಫೆಡರಲ್ ಆಡಳಿತ ನ್ಯಾಯಾಲಯಕ್ಕೆ ಹೋದರು, 2018ರಲ್ಲಿ ಅಲ್ಲಿಯೂ ಸೋತರು. ಸುಪ್ರೀಂ ಕೋರ್ಟಿಗೆ ಹೋದರು, 2020ರಲ್ಲಿ ಅದೂ ಕೈಬಿಟ್ಟಿತು. ಹೀಗೆ ಮೂರು ಕಡೆ ಸೋತ ದಾಖಲೆಯೇ ಅವರಿಗೆ ಸ್ಟ್ರಾಸ್‌ಬರ್ಗ್‌ನಲ್ಲಿ ಒಳಗೆ ಹೋಗಲು ದಾರಿಯಾಯಿತು. ಪೋರ್ಚುಗಲ್‌ನ ಆರು ಮಂದಿ ಊರಿನ ಯಾವ ಕೋರ್ಟಿನ ಮೆಟ್ಟಿಲನ್ನೂ ಹತ್ತದೆ, ತಮ್ಮ ದೇಶದ ಜತೆ ಇನ್ನೂ 32 ದೇಶಗಳನ್ನು ಎದುರುದಾರರನ್ನಾಗಿ ಮಾಡಿ ನೇರವಾಗಿ ಸ್ಟ್ರಾಸ್‌ಬರ್ಗ್‌ಗೆ ಹೋಗಿದ್ದರು. ಕರೇಮ್ ಅವರ ಅಡ್ಡಿ ಬೇರೆ: ಯುರೋಪಿನ ಸಂಸತ್ತಿಗೆ ಆಯ್ಕೆಯಾಗಿ ಬ್ರಸೆಲ್ಸ್‌ನಲ್ಲಿ ನೆಲೆಸಿದ್ದ ಅವರು ಆ ಪಟ್ಟಣದಲ್ಲಿ ಈಗ ವಾಸವಿಲ್ಲ, ಹಾಗಾಗಿ ಅಲ್ಲಿನ ನೆರೆಯ ಭೀತಿ ಅವರ ಸ್ವಂತ ಸಂಕಟವಲ್ಲ ಎಂದು ನ್ಯಾಯಾಲಯ ಹೇಳಿತು.

ಕಾನೂನು ಪುಸ್ತಕಗಳಲ್ಲಿ ಇದನ್ನು ಅರ್ಜಿಯ ವಿಚಾರಣಾರ್ಹತೆ ಎನ್ನುತ್ತಾರೆ. ನಮ್ಮ ವಕೀಲರ ಬಾಯಲ್ಲಿ ‘ಮೇಂಟೇನಬಿಲಿಟಿ’. ಬಹಳ ಮಂದಿ ಇದನ್ನು ಗುಮಾಸ್ತಿಕೆಯ ತಕರಾರು, ನಿಜವಾದ ವಿಚಾರಣೆಗೆ ಮುಂಚಿನ ಶಾಸ್ತ್ರ ಎಂದು ಭಾವಿಸುತ್ತಾರೆ. ಸ್ಟ್ರಾಸ್‌ಬರ್ಗ್‌ನ ಮಟ್ಟಿಗೆ ಈ ಶಾಸ್ತ್ರವೇ ಮದುವೆ. ಅಲ್ಲಿ ಪ್ರತಿ ವರ್ಷ ಇತ್ಯರ್ಥವಾಗುವ ಅರ್ಜಿಗಳಲ್ಲಿ ಬಹುಪಾಲು ತೀರ್ಪಿನ ಹಂತವನ್ನು ಮುಟ್ಟುವುದೇ ಇಲ್ಲ. ಒಳಗೆ ಹೋಗುವ ಅರ್ಜಿಗೂ ಹೊರಗೆ ಉಳಿಯುವ ಅರ್ಜಿಗೂ ನಡುವಿನ ವ್ಯತ್ಯಾಸ ಹೆಚ್ಚಿನ ಸಲ ಹುಟ್ಟುವುದು ಸ್ಟ್ರಾಸ್‌ಬರ್ಗ್‌ನಲ್ಲಿ ಅಲ್ಲ, ಅರ್ಜಿದಾರರ ಊರಿನ ಕೋರ್ಟಿನಲ್ಲಿ.

ಈ ನ್ಯಾಯಾಲಯದ ಬೇರು ಎರಡನೇ ಮಹಾಯುದ್ಧದ ನಂತರದ ಯುರೋಪಿನಲ್ಲಿದೆ. 1950ರ ನವೆಂಬರ್ 4ರಂದು ರೋಮ್‌ನಲ್ಲಿ ಸಹಿಯಾದ ಮಾನವ ಹಕ್ಕುಗಳ ಒಡಂಬಡಿಕೆ ಅದರ ಸಂವಿಧಾನವಿದ್ದಂತೆ. ನ್ಯಾಯಾಲಯ ಶುರುವಾದದ್ದು 1959ರಲ್ಲಿ. ಇದು ಐರೋಪ್ಯ ಒಕ್ಕೂಟದ ಸಂಸ್ಥೆಯಲ್ಲ. ಕೌನ್ಸಿಲ್ ಆಫ್ ಯುರೋಪ್ ಎಂಬ, ಈಗ 46 ಸದಸ್ಯ ದೇಶಗಳಿರುವ ಬೇರೆಯೇ ಕೂಟಕ್ಕೆ ಸೇರಿದ್ದು. ಹಾಗಾಗಿ ಒಕ್ಕೂಟದಿಂದ ಹೊರಬಂದ ಬ್ರಿಟನ್, ಒಕ್ಕೂಟಕ್ಕೆ ಸೇರದ ಟರ್ಕಿ, ಸ್ವಿಟ್ಜರ್ಲೆಂಡ್‌ಗಳ ಮೇಲೂ ಇದರ ಅಧಿಕಾರ ನಡೆಯುತ್ತದೆ. 1998ರವರೆಗೆ ದೂರುಗಳನ್ನು ಜರಡಿ ಹಿಡಿಯಲು ಪ್ರತ್ಯೇಕ ಆಯೋಗವಿತ್ತು. ಆ ವರ್ಷ ಆಯೋಗದ ಹಂತ ತಪ್ಪಿ, ಯಾರು ಬೇಕಾದರೂ ತಾವೇ ನೇರವಾಗಿ ಅರ್ಜಿ ಹಾಕಬಹುದು ಎಂದಾಯಿತು. ಶುಲ್ಕವಿಲ್ಲ. ಆರಂಭದಲ್ಲಿ ವಕೀಲರೂ ಬೇಕಿಲ್ಲ. ಬಾಗಿಲು ಇಷ್ಟು ಅಗಲವಾದ ಮೇಲೆ ಜನ ನುಗ್ಗದೆ ಇರುತ್ತಾರೆಯೇ? 2011ರ ಕೊನೆಗೆ ಬಾಕಿ ಅರ್ಜಿಗಳು ಒಂದೂವರೆ ಲಕ್ಷ ದಾಟಿದ್ದವು.

ಆ ಹೊರೆ ಇಳಿದದ್ದು ಮುಖ್ಯವಾಗಿ ಒಂದು ಬದಲಾವಣೆಯಿಂದ. 2010ರ ಜೂನ್ 1ರಿಂದ, ಮೇಲ್ನೋಟಕ್ಕೇ ನಿಲ್ಲದ ಅರ್ಜಿಯನ್ನು ಒಬ್ಬ ನ್ಯಾಯಾಧೀಶರೇ ತಳ್ಳಿಹಾಕಬಹುದು. ಅದಕ್ಕೆ ಮುಂಚೆ ಕನಿಷ್ಠ ಮೂವರು ಕೂರಬೇಕಿತ್ತು. ಆ ಒಬ್ಬ ನ್ಯಾಯಾಧೀಶರು ಎದುರುದಾರ ದೇಶದಿಂದ ಆಯ್ಕೆಯಾದವರಾಗಿರಬಾರದು ಎಂಬ ಎಚ್ಚರ ಇದೆ. ಆದರೆ ಅವರ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಅರ್ಜಿದಾರರ ಮನೆಗೆ ಬರುವುದು ಚುಟುಕಾದ ಒಂದು ನಿರ್ಧಾರ. ವರ್ಷ ಕಳೆದ ಮೇಲೆ ಕಡತವನ್ನೂ ನಾಶ ಮಾಡುತ್ತಾರೆ. ವರ್ಷಗಟ್ಟಲೆ ಕೋರ್ಟು ಅಲೆದವರ ಕೊನೆಯ ಆಸೆ ಹೀಗೆ ಒಂದು ಲಕೋಟೆಯಲ್ಲಿ ಮುಗಿಯುತ್ತದೆ.

ಷರತ್ತುಗಳೆಲ್ಲ ಒಡಂಬಡಿಕೆಯ 34 ಮತ್ತು 35ನೇ ವಿಧಿಗಳಲ್ಲಿವೆ. ಅವುಗಳಲ್ಲಿ ಹಿರಿಯದು, ದೇಶದೊಳಗಿನ ಪರಿಹಾರ ಮಾರ್ಗಗಳನ್ನೆಲ್ಲ ಮುಗಿಸಿಕೊಂಡು ಬರಬೇಕು ಎಂಬುದು. ಕೆಳಗಿನ ಕೋರ್ಟು, ಮೇಲ್ಮನವಿ, ಸುಪ್ರೀಂ ಕೋರ್ಟು, ಕೆಲವು ದೇಶಗಳಲ್ಲಿ ಸಂವಿಧಾನ ನ್ಯಾಯಾಲಯ — ಎಲ್ಲವೂ ಆಗಬೇಕು. ಬರೀ ಮೆಟ್ಟಿಲು ಹತ್ತಿ ಇಳಿದರೆ ಸಾಲದು. ಸ್ಟ್ರಾಸ್‌ಬರ್ಗ್‌ನಲ್ಲಿ ಎತ್ತುವ ಅಂಶವನ್ನು ಊರಿನ ಕೋರ್ಟಿನಲ್ಲೂ ಎತ್ತಿರಬೇಕು. ಒಡಂಬಡಿಕೆಯ ಹೆಸರನ್ನೇ ಹೇಳಬೇಕೆಂದಿಲ್ಲ, ಸಾರ ಬಂದಿರಬೇಕು. ಕೆಲಸದಿಂದ ವಜಾ ಆದವರು ಇಡೀ ಮೊಕದ್ದಮೆಯನ್ನು ಬಾಕಿ ಸಂಬಳಕ್ಕಾಗಿ ಮಾತ್ರ ನಡೆಸಿ, ಕೊನೆಗೆ ಸ್ಟ್ರಾಸ್‌ಬರ್ಗ್‌ನಲ್ಲಿ ‘ನನ್ನ ಧರ್ಮದ ಕಾರಣಕ್ಕೆ ತಾರತಮ್ಯವಾಯಿತು’ ಎಂದರೆ ನಡೆಯದು. ಊರಿನ ನ್ಯಾಯಾಧೀಶರಿಗೆ ಆ ತಪ್ಪನ್ನು ತಿದ್ದುವ ಅವಕಾಶವನ್ನೇ ಕೊಡಲಿಲ್ಲವಲ್ಲ ಎಂದು ಕೇಳುತ್ತಾರೆ.

ಪೋರ್ಚುಗಲ್‌ನ ತರುಣರ ವಾದಕ್ಕೂ ಒಂದು ನ್ಯಾಯವಿತ್ತು. ಮೂವತ್ಮೂರು ದೇಶಗಳಲ್ಲಿ ಮೊಕದ್ದಮೆ ಹೂಡಿ ಮುಗಿಸುವಷ್ಟರಲ್ಲಿ ನಮಗೆ ವಯಸ್ಸಾಗಿರುತ್ತದೆ ಎಂಬ ಅರ್ಥದ ವಾದ ಅದು. ಮಹಾಪೀಠ ಒಪ್ಪಲಿಲ್ಲ. ಬೇರೆ ದೇಶಗಳ ಹೊಗೆ ನಿಮ್ಮನ್ನು ತಟ್ಟುತ್ತದೆ ಎಂದಮಾತ್ರಕ್ಕೆ ನೀವು ಆ ದೇಶಗಳ ಅಧಿಕಾರ ವ್ಯಾಪ್ತಿಗೆ ಸೇರುವುದಿಲ್ಲ ಎಂದು ಮೊದಲು ಹೇಳಿತು. ಅಲ್ಲಿಗೆ ಬೇರೆ ದೇಶಗಳೆಲ್ಲ ಕಳಚಿಕೊಂಡವು. ಉಳಿದದ್ದು ಪೋರ್ಚುಗಲ್ ಒಂದೇ. ಅದರ ಸಂವಿಧಾನವೇ ಆರೋಗ್ಯಕರ ಪರಿಸರದ ಹಕ್ಕನ್ನು ಕೊಟ್ಟಿದೆ, ಯಾವ ಪ್ರಜೆಯಾದರೂ ಸಾರ್ವಜನಿಕ ಹಿತಕ್ಕಾಗಿ ದಾವೆ ಹೂಡಬಹುದು. ಹಾಗಿದ್ದೂ ಅಲ್ಲಿಗೆ ಹೋಗಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಈ ನಿಯಮ ಕುರುಡಲ್ಲ. ಕೆಲಸಕ್ಕೆ ಬಾರದ ಪರಿಹಾರದ ಹಿಂದೆ ಓಡಬೇಕಿಲ್ಲ. 1992ರಲ್ಲಿ ಆಗ್ನೇಯ ಟರ್ಕಿಯ ಕೆಲೆಕ್ಚಿ ಎಂಬ ಕುರ್ದಿ ಹಳ್ಳಿಯ ಮನೆಗಳಿಗೆ ಬೆಂಕಿ ಬಿತ್ತು. ಹಳ್ಳಿಗರು ಟರ್ಕಿಯ ಕೋರ್ಟಿಗೆ ಹೋಗದೆ ಬಂದಿದ್ದಾರೆ ಎಂದು ಸರ್ಕಾರ ಆಕ್ಷೇಪ ಎತ್ತಿತು. 1996ರ ತೀರ್ಪಿನಲ್ಲಿ ನ್ಯಾಯಾಲಯ ಆ ಆಕ್ಷೇಪವನ್ನು ತಳ್ಳಿಹಾಕಿತು. ಸಂಘರ್ಷ ನಡೆಯುತ್ತಿರುವ ಪ್ರದೇಶ, ಭದ್ರತಾ ಪಡೆಗಳ ಮೇಲಿನ ಆರೋಪ, ನೆಟ್ಟಗೆ ತನಿಖೆಯೇ ನಡೆದಿಲ್ಲ. ಇಂಥ ಕಡೆ ಕಾಗದದ ಮೇಲಿರುವ ಪರಿಹಾರವನ್ನು ಪರಿಹಾರ ಎನ್ನಲಾಗದು ಎಂಬುದು ಅದರ ನಿಲುವು.

ಆದರೆ ಅದೇ ಟರ್ಕಿಯಿಂದ ಬಂದ ಇನ್ನೊಂದು ಪ್ರಕರಣ ಈ ನಿಯಮದ ಕಹಿ ಮುಖವನ್ನು ತೋರಿಸುತ್ತದೆ. 2016ರ ಜುಲೈನ ವಿಫಲ ದಂಗೆಯ ಬಳಿಕ ಅಲ್ಲಿನ ಸರ್ಕಾರ ತುರ್ತು ಆಜ್ಞೆಗಳ ಮೂಲಕ ಲಕ್ಷಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆಯಿತು. ಹಾಗೆ ವಜಾ ಆದ ಒಬ್ಬ ಶಿಕ್ಷಕರು ಸ್ಟ್ರಾಸ್‌ಬರ್ಗ್‌ಗೆ ದೂರು ಕೊಟ್ಟರು. ಅರ್ಜಿ ಹೋದ ನಂತರ, 2017ರ ಜನವರಿಯಲ್ಲಿ, ಸರ್ಕಾರ ಇಂಥ ವಜಾಗಳ ಪರಿಶೀಲನೆಗೆ ಒಂದು ಆಯೋಗ ರಚಿಸಿತು. ಜೂನ್‌ನಲ್ಲಿ ನ್ಯಾಯಾಲಯ ಹೇಳಿತು: ಈಗ ಆಯೋಗ ಇದೆ, ಮೊದಲು ಅಲ್ಲಿಗೆ ಹೋಗಿ. ಆಯೋಗಕ್ಕೆ ಬಂದ ಅರ್ಜಿಗಳು ಲಕ್ಷ ದಾಟಿದವು, ಅದರ ಕೆಲಸ 2023ರವರೆಗೆ ಎಳೆಯಿತು. ಆಯೋಗ ಆದ ಮೇಲೆ ಕೋರ್ಟು, ಅದರ ಮೇಲೊಂದು ಕೋರ್ಟು. ಸಂಬಳವಿಲ್ಲದೆ ಮನೆ ನಡೆಸುವ ಶಿಕ್ಷಕರಿಗೆ ‘ಊರಲ್ಲಿ ಸೋತು ಬನ್ನಿ’ ಎಂಬ ಮಾತು ಹೇಗೆ ಕೇಳಿಸಿತೋ ಊಹಿಸಬಹುದು. ದೇಶದ ನ್ಯಾಯಾಂಗ ಗಟ್ಟಿಯಾಗಿರುವಲ್ಲಿ ಈ ನಿಯಮ ಅದಕ್ಕೆ ಕೊಡುವ ಗೌರವ. ನ್ಯಾಯಾಂಗವೇ ಅಳ್ಳಕವಾಗಿರುವಲ್ಲಿ ಸರ್ಕಾರಕ್ಕೆ ಕಾಲ ಸಂಪಾದಿಸಿಕೊಡುವ ಉಪಾಯವೂ ಆಗಿಬಿಡಬಲ್ಲದು.

ಎರಡನೆಯ ಷರತ್ತು ಗಡುವು. ದೇಶದೊಳಗಿನ ಅಂತಿಮ ಆದೇಶದಿಂದ ನಾಲ್ಕು ತಿಂಗಳೊಳಗೆ ಅರ್ಜಿ ಹೋಗಬೇಕು. ಮೊದಲು ಆರು ತಿಂಗಳಿತ್ತು. 2022ರ ಫೆಬ್ರುವರಿ 1ರಿಂದ ನಾಲ್ಕಕ್ಕೆ ಇಳಿದಿದೆ. ನಮ್ಮ ಕೋರ್ಟುಗಳಲ್ಲಿ ತಡವಾದರೆ ‘ವಿಳಂಬ ಮನ್ನಿಸಿ’ ಎಂದು ಅರ್ಜಿ ಹಾಕುವ ದಾರಿ ಇದೆ, ಕೊನೆಯ ದಿನ ಕೋರ್ಟಿಗೆ ರಜೆ ಇದ್ದರೆ ಮರುದಿನ ಸಲ್ಲಿಸಬಹುದು. ಸ್ಟ್ರಾಸ್‌ಬರ್ಗ್‌ನಲ್ಲಿ ಆ ಸಡಿಲಿಕೆ ಇಲ್ಲ. ಗಡುವಿನ ಕೊನೆಯ ದಿನ ರಜಾದಿನವಾದರೂ ಲೆಕ್ಕ ಮುಂದೆ ಸರಿಯದು ಎಂದು 2012ರಲ್ಲಿ ಟರ್ಕಿಯ ಒಂದು ಪ್ರಕರಣದಲ್ಲಿ ಮಹಾಪೀಠವೇ ಹೇಳಿದೆ. ಎದುರುದಾರ ಸರ್ಕಾರ ಆಕ್ಷೇಪಿಸದೆ ಸುಮ್ಮನಿದ್ದರೂ ನ್ಯಾಯಾಲಯ ತಾನಾಗಿಯೇ ದಿನ ಎಣಿಸುತ್ತದೆ.

ಗಡುವಿನ ಜತೆಗೆ ಅರ್ಜಿ ನಮೂನೆಯ ಕಟ್ಟುಪಾಡೂ ಸೇರಿಕೊಂಡಿದೆ. 2014ರಿಂದ ನ್ಯಾಯಾಲಯದ ನಮೂನೆಯಲ್ಲೇ, ಎಲ್ಲ ಅಂಕಣಗಳನ್ನೂ ತುಂಬಿ, ಮೂಲ ಸಹಿಯೊಂದಿಗೆ ಅಂಚೆಯಲ್ಲಿ ಕಳಿಸಬೇಕು. ಏನು ನಡೆಯಿತು, ಯಾವ ಹಕ್ಕಿಗೆ ಧಕ್ಕೆ, ಪ್ರತಿ ದೂರಿಗೂ ಊರಿನ ಯಾವ ಕೋರ್ಟಿಗೆ ಯಾವ ದಿನ ಹೋದಿರಿ — ಇಷ್ಟೂ ನಮೂನೆಯನ್ನು ಓದಿದ ಕೂಡಲೇ ತಿಳಿಯುವಂತಿರಬೇಕು. ಹೆಚ್ಚಿನ ವಿವರಣೆ ಲಗತ್ತಿಸಬಹುದು, 20 ಪುಟ ಮೀರುವಂತಿಲ್ಲ. ಆದೇಶಗಳ ನಕಲುಗಳು ದಿನಾಂಕದ ಕ್ರಮದಲ್ಲಿ, ಪುಟಸಂಖ್ಯೆಯೊಂದಿಗೆ ಇರಬೇಕು. ಒಂದು ಆದೇಶದ ನಕಲು ಬಿಟ್ಟುಹೋದರೂ ಅರ್ಜಿ ನೋಂದಣಿಯಾಗದೆ ಮರಳಬಹುದು. ಅಪೂರ್ಣ ಅರ್ಜಿಯಿಂದ ಗಡುವಿನ ಓಟ ನಿಲ್ಲುವುದಿಲ್ಲ. ತಪ್ಪು ತಿದ್ದಿ ಮತ್ತೆ ಕಳಿಸುವಷ್ಟರಲ್ಲಿ ನಾಲ್ಕು ತಿಂಗಳು ಮುಗಿದಿದ್ದರೆ ಅಲ್ಲಿಗೆ ಮುಗಿಯಿತು. ವಕೀಲರಿಲ್ಲದೆಯೂ ಬರಬಹುದು ಎಂಬ ಭರವಸೆಯನ್ನು ಈ ನಮೂನೆ ಅರ್ಧ ಹಿಂತೆಗೆದುಕೊಂಡಿದೆ ಎಂದರೆ ತಪ್ಪಾಗಲಾರದು.

ಮೂರನೆಯದು, ಪೆಟ್ಟು ತಿಂದವರೇ ಬರಬೇಕು ಎಂಬುದು. ಭಾರತದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ನಾವು ಎಷ್ಟು ಒಗ್ಗಿದ್ದೇವೆಂದರೆ, ಯಾರದೋ ಪರವಾಗಿ ಇನ್ಯಾರೋ ಕೋರ್ಟಿಗೆ ಹೋಗುವುದು ನಮಗೆ ಸಹಜ. ಸ್ಟ್ರಾಸ್‌ಬರ್ಗ್‌ ಅದನ್ನು ಒಪ್ಪುವುದಿಲ್ಲ. ಕಾನೂನು ಕೆಟ್ಟದ್ದು, ಸಮಾಜಕ್ಕೆ ಹಾನಿ ಎಂದರೆ ಸಾಲದು. ನಿಮಗೆ ಏನಾಯಿತು ಹೇಳಿ ಎನ್ನುತ್ತದೆ. ಸ್ವಿಸ್ ಪ್ರಕರಣದಲ್ಲೇ ಇದರ ಸೂಕ್ಷ್ಮ ಕಾಣುತ್ತದೆ. ಸಂಘದ ಜತೆ ನಾಲ್ವರು ಮಹಿಳೆಯರು ವೈಯಕ್ತಿಕವಾಗಿಯೂ ಅರ್ಜಿದಾರರಾಗಿದ್ದರು. ಆ ನಾಲ್ವರಿಗೆ ತಟ್ಟಿದ ಬಾಧೆ ಬೇಕಾದಷ್ಟು ತೀವ್ರವಾದದ್ದೆಂದು ಸಾಬೀತಾಗಿಲ್ಲ ಎಂದು ಅವರ ಅರ್ಜಿ ಬಿದ್ದುಹೋಯಿತು. ಸಂಘದ ಅರ್ಜಿ ಮಾತ್ರ ನಿಂತಿತು. ಹವಾಮಾನದಂಥ ವಿಷಯದಲ್ಲಿ, ಕಾನೂನುಬದ್ಧವಾಗಿ ಕಟ್ಟಿದ, ಇದೇ ಉದ್ದೇಶಕ್ಕೆ ದುಡಿಯುವ, ಬಾಧಿತರನ್ನು ಪ್ರತಿನಿಧಿಸಬಲ್ಲ ಸಂಘಕ್ಕೆ ದಾವೆಯ ಅಧಿಕಾರವಿದೆ ಎಂದು ನ್ಯಾಯಾಲಯ ಹೊಸ ದಾರಿ ತೆರೆಯಿತು. ಒಬ್ಬೊಬ್ಬರಾಗಿ ಬಂದಿದ್ದರೆ ಹೊರಗೇ ಉಳಿಯುತ್ತಿದ್ದವರು ಸಂಘ ಕಟ್ಟಿಕೊಂಡಿದ್ದರಿಂದ ಒಳಗೆ ಬಂದರು.

ನಾಲ್ಕನೆಯದು ಅಧಿಕಾರ ವ್ಯಾಪ್ತಿ. 1999ರಲ್ಲಿ ನ್ಯಾಟೊ ವಿಮಾನಗಳು ಬೆಲ್‌ಗ್ರೇಡ್‌ನ ದೂರದರ್ಶನ ಕೇಂದ್ರದ ಮೇಲೆ ಬಾಂಬು ಹಾಕಿದಾಗ 16 ಜನ ಸತ್ತರು. ಬಂಧುಗಳು ದೂರು ಕೊಟ್ಟಾಗ, ಆಕಾಶದಿಂದ ಬಾಂಬು ಹಾಕಿದಮಾತ್ರಕ್ಕೆ ಕೆಳಗಿನ ಜನ ಆ ದೇಶಗಳ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲ ಎಂದು 2001ರಲ್ಲಿ ಅರ್ಜಿಯನ್ನು ತಳ್ಳಿಹಾಕಲಾಯಿತು. ಈ ತೀರ್ಮಾನದ ಮೇಲೆ ಇಂದಿಗೂ ಟೀಕೆ ನಿಂತಿಲ್ಲ. ಕಾಲದ ಎಲ್ಲೆಯೂ ಹೀಗೆಯೇ. ಉಕ್ರೇನ್ ಮೇಲಿನ ದಾಳಿಯ ಬಳಿಕ ಕೌನ್ಸಿಲ್‌ನಿಂದ ಹೊರದಬ್ಬಲ್ಪಟ್ಟ ರಷ್ಯಾ 2022ರ ಸೆಪ್ಟೆಂಬರ್ 16ರಿಂದ ಒಡಂಬಡಿಕೆಗೆ ಸೇರಿಲ್ಲ. ಆ ದಿನಕ್ಕೆ ಮೊದಲು ನಡೆದ ಘಟನೆಗಳ ದೂರನ್ನು ಮಾತ್ರ ನ್ಯಾಯಾಲಯ ಕೇಳುತ್ತದೆ.

ಇನ್ನು ಕ್ಷುಲ್ಲಕ ದೂರುಗಳು. ಬುಖಾರೆಸ್ಟ್‌ನಿಂದ ಮ್ಯಾಡ್ರಿಡ್‌ಗೆ ಬಸ್ಸಿನಲ್ಲಿ ಹೋದ ರುಮೇನಿಯಾದ ಪ್ರಯಾಣಿಕರೊಬ್ಬರು, ಜಾಹೀರಾತಿನಲ್ಲಿ ಹೇಳಿದಂತೆ ಹಿಂದಕ್ಕೆ ಬಾಗುವ ಸೀಟು ಸಿಗಲಿಲ್ಲ, ನಡುದಾರಿಯಲ್ಲಿ ಬಸ್ಸು ಬದಲಿಸಬೇಕಾಯಿತು ಎಂದು 90 ಯೂರೊ ಪರಿಹಾರ ಕೇಳಿ ಊರಿನ ಕೋರ್ಟಿನಲ್ಲಿ ಸೋತಿದ್ದರು. ತಮ್ಮ ಮೇಲ್ಮನವಿಯನ್ನು ಸರಿಯಾಗಿ ಕೇಳಲಿಲ್ಲ ಎಂಬುದು ಅವರ ದೂರು. ಗಣನೀಯ ನಷ್ಟವಿಲ್ಲದ ದೂರನ್ನು ಕೈಬಿಡಬಹುದು ಎಂಬ ಹೊಸ ನಿಯಮ 2010ರ ಜೂನ್ 1ರಂದು ಜಾರಿಗೆ ಬಂತು. ಅದೇ ದಿನ ಈ ಅರ್ಜಿ ಆ ನಿಯಮಕ್ಕೆ ಸಿಕ್ಕಿ ಬಿತ್ತು. ಜರ್ಮನಿಯ ಸರ್ಕಾರಿ ನೌಕರರೊಬ್ಬರು 7.99 ಯೂರೊ ಬೆಲೆಯ ಮೆಗ್ನೀಷಿಯಂ ಮಾತ್ರೆಗಳ ಖರ್ಚಿನ ವಿಷಯವನ್ನು ಸ್ಟ್ರಾಸ್‌ಬರ್ಗ್‌ವರೆಗೆ ಒಯ್ದಾಗ ಅದನ್ನು ಹಕ್ಕಿನ ದುರುಪಯೋಗ ಎಂದೇ ಕರೆದರು. 2021ರಲ್ಲಿ ಕೋವಿಡ್ ಪಾಸ್ ವಿರುದ್ಧ ಫ್ರಾನ್ಸಿನ ಉಪನ್ಯಾಸಕರೊಬ್ಬರು ಸಿದ್ಧ ನಮೂನೆ ಹಂಚಿ, ನ್ಯಾಯಾಲಯವನ್ನು ಕಟ್ಟಿಹಾಕುವಷ್ಟು ಅರ್ಜಿ ಕಳಿಸುವಂತೆ ಜನರಿಗೆ ಕರೆ ಕೊಟ್ಟರು. ಸುಮಾರು 18 ಸಾವಿರ ಅರ್ಜಿಗಳು ಬಂದು ಬಿದ್ದವು. ಅವರ ದೂರೂ ದುರುಪಯೋಗವೆಂದು ವಾಪಸಾಯಿತು. ಅನಾಮಧೇಯ ಅರ್ಜಿ, ಒಮ್ಮೆ ತೀರ್ಮಾನವಾದ ವಿಷಯದ ಮರುಅರ್ಜಿ, ವಿಶ್ವಸಂಸ್ಥೆಯ ಸಮಿತಿಯಂಥ ಬೇರೆ ಅಂತರರಾಷ್ಟ್ರೀಯ ವೇದಿಕೆಗೆ ಆಗಲೇ ಹೋದ ದೂರು ಇವಕ್ಕೂ ಪ್ರವೇಶವಿಲ್ಲ.

ಅತಿ ಹೆಚ್ಚು ಜನ ಎಡವುವುದು ಮಾತ್ರ ಬೇರೆ ಕಡೆ. ‘ನಮ್ಮ ದೇಶದ ಕೋರ್ಟು ಸಾಕ್ಷ್ಯವನ್ನು ತಪ್ಪಾಗಿ ಓದಿತು, ಕಾನೂನನ್ನು ತಪ್ಪಾಗಿ ಅರ್ಥೈಸಿತು, ನೀವು ತಿದ್ದಿ’ ಎಂದು ಕೇಳುವ ಅರ್ಜಿಗಳು ರಾಶಿ ರಾಶಿ ಬರುತ್ತವೆ. ಸ್ಟ್ರಾಸ್‌ಬರ್ಗ್ ಸುಪ್ರೀಂ ಕೋರ್ಟಿನ ಮೇಲಿನ ಇನ್ನೊಂದು ಮೇಲ್ಮನವಿ ಕೋರ್ಟಲ್ಲ. ವಿಚಾರಣೆ ನ್ಯಾಯವಾಗಿ ನಡೆಯಿತೇ ಎಂದು ಅದು ನೋಡುತ್ತದೆಯೇ ಹೊರತು ಫಲಿತಾಂಶ ಸರಿಯೇ ಎಂದು ಅಲ್ಲ. ಇಂಥವನ್ನು ‘ಮೇಲ್ನೋಟಕ್ಕೇ ಆಧಾರವಿಲ್ಲದವು’ ಎಂಬ ತಲೆಬರಹದಡಿ ಬದಿಗಿಡುತ್ತಾರೆ.

ಯುರೋಪಿನ ಬಾಗಿಲು ಬಿಗಿ ಎನಿಸಿದರೆ ಬೇರೆ ಖಂಡಗಳನ್ನೂ ನೋಡಬೇಕು. ಕೋಸ್ಟರಿಕದ ಸಾನ್ ಹೊಸೆಯಲ್ಲಿರುವ ಅಮೆರಿಕ ಖಂಡಗಳ ನ್ಯಾಯಾಲಯಕ್ಕೆ ವ್ಯಕ್ತಿಗಳು ನೇರವಾಗಿ ಹೋಗುವಂತಿಲ್ಲ. ವಾಷಿಂಗ್ಟನ್‌ನಲ್ಲಿರುವ ಆಯೋಗಕ್ಕೆ ಆರು ತಿಂಗಳೊಳಗೆ ದೂರು ಕೊಡಬೇಕು, ಪ್ರಕರಣವನ್ನು ನ್ಯಾಯಾಲಯಕ್ಕೆ ಒಯ್ಯುವುದು ಆಯೋಗ ಅಥವಾ ಸದಸ್ಯ ದೇಶ. ತಾಂಜಾನಿಯಾದ ಅರುಷಾದಲ್ಲಿರುವ ಆಫ್ರಿಕದ ನ್ಯಾಯಾಲಯಕ್ಕೆ ಪ್ರಜೆಗಳು ನೇರವಾಗಿ ಹೋಗಬೇಕಾದರೆ ಅವರ ದೇಶ ಅದಕ್ಕೆ ಪ್ರತ್ಯೇಕ ಒಪ್ಪಿಗೆ ಕೊಟ್ಟಿರಬೇಕು. ರುವಾಂಡ, ತಾಂಜಾನಿಯಾ, ಬೆನಿನ್, ಐವರಿ ಕೋಸ್ಟ್ ಒಪ್ಪಿಗೆ ಕೊಟ್ಟು ವಾಪಸ್ ಪಡೆದಿವೆ. ನ್ಯಾಯಾಲಯಕ್ಕೆ ಮನೆ ಕೊಟ್ಟ ದೇಶವೇ ತನ್ನ ಪ್ರಜೆಗಳಿಗೆ ಆ ದಾರಿಯನ್ನು ಮುಚ್ಚಿದೆ. ಅಲ್ಲಿನ ಷರತ್ತುಗಳಲ್ಲಿ ಎರಡು ವಿಶೇಷ: ದೂರಿನ ಭಾಷೆ ಅವಹೇಳನಕಾರಿಯಾಗಿರಬಾರದು, ಪತ್ರಿಕಾ ವರದಿಯನ್ನು ಮಾತ್ರ ನಂಬಿ ದೂರು ಹೂಡುವಂತಿಲ್ಲ.

ಏಷ್ಯಾ ಖಂಡಕ್ಕೆ ಇಂಥ ನ್ಯಾಯಾಲಯವೇ ಇಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿದರೂ, ಪ್ರಜೆಗಳು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಡಲು ಅವಕಾಶ ನೀಡುವ ಐಚ್ಛಿಕ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಿದ್ದೂ ಸ್ಟ್ರಾಸ್‌ಬರ್ಗ್ ನಮಗೆ ಪೂರ್ತಿ ಪರಕೀಯವಲ್ಲ. ಒಡಂಬಡಿಕೆಯ ರಕ್ಷಣೆಗೆ ಪೌರತ್ವ ಬೇಕಿಲ್ಲ, ಆ ದೇಶದ ಅಧಿಕಾರ ವ್ಯಾಪ್ತಿಯಲ್ಲಿದ್ದರೆ ಸಾಕು. ಪಂಜಾಬ್ ಮೂಲದ ಒಬ್ಬ ಭಾರತೀಯ ಪ್ರಜೆಯನ್ನು ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಬ್ರಿಟನ್ ಗಡೀಪಾರು ಮಾಡಹೊರಟಾಗ, ಚಿತ್ರಹಿಂಸೆಯ ಅಪಾಯವಿರುವ ಕಡೆಗೆ ಕಳಿಸುವಂತಿಲ್ಲ ಎಂದು 1996ರಲ್ಲಿ ತೀರ್ಪು ಕೊಟ್ಟದ್ದು ಇದೇ ನ್ಯಾಯಾಲಯ. ಲಂಡನ್, ಮ್ಯೂನಿಕ್, ಡಬ್ಲಿನ್‌ಗಳಲ್ಲಿ ದುಡಿಯುವ ಕನ್ನಡಿಗರಿಗೂ ಈ ಹಕ್ಕು ಇದೆ. ಅಂಥವರಿಗೆ ಅಲ್ಲಿ ಏನಾದರೂ ಅನ್ಯಾಯವಾದರೆ ಸ್ಟ್ರಾಸ್‌ಬರ್ಗ್‌ನ ಯೋಚನೆಯನ್ನು ಸೋತ ಮೇಲೆ ಮಾಡಬಾರದು. ಸ್ಥಳೀಯ ಕೋರ್ಟಿಗೆ ಹಾಕುವ ಮೊದಲ ಅರ್ಜಿಯಲ್ಲೇ ಹಕ್ಕಿನ ಪ್ರಶ್ನೆಯನ್ನು ಬರಹದಲ್ಲಿ ಎತ್ತಿ, ಅಂತಿಮ ಆದೇಶ ಕೈಸೇರಿದ ದಿನಾಂಕವನ್ನು ಗುರುತು ಹಾಕಿಕೊಂಡಿರಬೇಕು.

ಸ್ವಿಸ್ ಮಹಿಳೆಯರ ತೀರ್ಪಿನಲ್ಲಿ ಹೆಚ್ಚು ಚರ್ಚೆಯಾಗದ ಒಂದು ಭಾಗ ನಮಗೂ ಅನ್ವಯಿಸುತ್ತದೆ. ನ್ಯಾಯಾಲಯ ಅಲ್ಲಿ ಗುರುತಿಸಿದ ಉಲ್ಲಂಘನೆಗಳು ಎರಡು. ಒಂದು, ಹವಾಮಾನದ ವಿಷಯದಲ್ಲಿ ಸರ್ಕಾರದ ನಿಷ್ಕ್ರಿಯತೆ. ಇನ್ನೊಂದು, ಸ್ವಿಸ್ ಕೋರ್ಟುಗಳು ಸಂಘದ ದೂರನ್ನು ಗಂಭೀರವಾಗಿ ಪರಿಶೀಲಿಸದೆ ಬಾಗಿಲು ಹಾಕಿದ್ದು. ವಿಚಾರಣೆಗೆ ಅರ್ಹವಲ್ಲ ಎಂದು ಸಲೀಸಾಗಿ ಹೇಳಿ ಕಳಿಸುವುದೇ ಹಕ್ಕಿನ ಉಲ್ಲಂಘನೆಯಾಗಬಹುದು ಎಂದು ಇದರ ಅರ್ಥ. ನಮ್ಮಲ್ಲೂ ಹೊಸ್ತಿಲುಗಳಿಗೆ ಕೊರತೆಯಿಲ್ಲ. ಬೇರೆ ಪರಿಹಾರವಿದೆ ಎಂದು ಹೈಕೋರ್ಟ್ ರಿಟ್ ಅರ್ಜಿಯನ್ನು ವಾಪಸ್ ಕಳಿಸಬಹುದು. ಘಟನೆ ನಡೆದು ಒಂದು ವರ್ಷ ದಾಟಿದರೆ ರಾಷ್ಟ್ರೀಯ ಆಯೋಗವಾಗಲಿ ಬೆಂಗಳೂರಿನಲ್ಲಿರುವ ರಾಜ್ಯ ಮಾನವ ಹಕ್ಕುಗಳ ಆಯೋಗವಾಗಲಿ ತನಿಖೆಗೆ ಕೈ ಹಾಕುವಂತಿಲ್ಲ ಎಂದು 1993ರ ಕಾಯ್ದೆ ಹೇಳುತ್ತದೆ. ಯುರೋಪಿನವರಿಗೆ ಊರಲ್ಲಿ ಸೋತರೆ ಹೋಗಲು ಇನ್ನೊಂದು ಕಡೆ ಇದೆ, ನಮಗೆ ಸುಪ್ರೀಂ ಕೋರ್ಟೇ ಕೊನೆ. ಹಾಗಿರುವಾಗ ಅರ್ಜಿಯನ್ನು ಕೇಳದೆ ಕಳಿಸುವ ನಮ್ಮ ಪೀಠಗಳಿಗೆ, ಏಕೆ ಕೇಳಲಿಲ್ಲ ಎಂಬುದನ್ನು ಅರ್ಜಿದಾರರಿಗೆ ತಿಳಿಯುವಂತೆ ಬರೆದು ಕೊಡುವ ಹೊಣೆ ಸ್ಟ್ರಾಸ್‌ಬರ್ಗ್‌ನ ನ್ಯಾಯಾಧೀಶರದಕ್ಕಿಂತ ದೊಡ್ಡದು.